ಏಳನೆಯ ಕಾಲಂ

ಕೃಷಿ ಸಹಾಯಧನದ ಅರ್ಜಿಯ ಏಳನೆಯ ಕಾಲಂ ‘ಜಮೀನಿನೊಂದಿಗೆ ಅರ್ಜಿದಾರರ ಸಂಬಂಧ’. ಮಾಲೀಕ, ಗೇಣಿದಾರ, ಕೂಲಿ, ಈ ಮೂರರಲ್ಲಿ ಒಂದನ್ನು ಬರೆಯಬೇಕು. ಆದರೆ ಆ ಸೀಮೆಯ ಜನಕ್ಕೆ ಸಂಬಂಧ ಎಂದರೆ ಒಂದೇ ಅರ್ಥ. ಮಗ, ಅಳಿಯ, ದೊಡ್ಡಪ್ಪ ಎಂದು ಬರೆದು ತರುತ್ತಿದ್ದರು. ಒಬ್ಬಾತ ‘ಈಗ ಅಷ್ಟಕ್ಕಷ್ಟೆ’ ಎಂದೂ ಬರೆದಿದ್ದ. ಗುಮಾಸ್ತ ಹದಿನಾಲ್ಕು ವರ್ಷ ಅವನ್ನೆಲ್ಲ ತಾನೇ ತಿದ್ದಿ ಕಳಿಸಿದ್ದ. ಈ ವರ್ಷ ಅರ್ಜಿಗಳು ಕಂಪ್ಯೂಟರಿಗೆ ಹೋಗಿದ್ದವು. ತಿದ್ದಿದರೆ ತಿದ್ದಿದವನ ಹೆಸರೂ ಅಲ್ಲೇ ಕೂತಿರುತ್ತಿತ್ತು.

ಕೊನೆಯ ದಿನ, ಮಧ್ಯಾಹ್ನ ಮೂರೂವರೆ. ಬೆನ್ನು ಹಿಡಿದುಕೊಂಡು ಅವನು ಕುರ್ಚಿಯಲ್ಲಿ ಮಗ್ಗುಲು ಬದಲಿಸುವಾಗ ಆಲೂಗಡ್ಡೆ ಹೊಲದ ಹೆಂಗಸು ಕಿಟಕಿಯೊಳಗೆ ಕಾಗದ ತೂರಿಸಿದಳು. ಏಳನೆಯ ಕಾಲಮಿನಲ್ಲಿ ದುಂಡಗೆ ‘ಸೊಸೆ’ ಎಂದಿತ್ತು.

“ಅಕ್ಕಾ, ಸೊಸೆ ಅನ್ನೋದು ಪಟ್ಟಿಯಲ್ಲಿ ಇಲ್ಲ.”

“ಹೊಲದಲ್ಲಿ ಇದೀನಲ್ಲಪ್ಪ.”

ಅವನಿಗೆ ನಗು ಬರಲಿಲ್ಲ. ಬೆಳಗಿನಿಂದ ಇಂಥ ಮಾತು ಎಷ್ಟೋ ಕೇಳಿಯಾಗಿತ್ತು. ಆ ಹೊಲದ ಆರೆಕರೆಯೂ ಅವಳ ಮೈದುನನ ಹೆಸರಲ್ಲಿದೆ ಎಂಬುದು ಅವನಿಗೆ ಗೊತ್ತು. ಅವಳ ಗಂಡ ಇರುವತನಕ ಮೈದುನ ಪಟ್ಟಣದಿಂದಲೇ ಗೇಣಿ ಪತ್ರಕ್ಕೆ ಸಹಿ ಹಾಕಿ ಕಳಿಸುತ್ತಿದ್ದ. ಗಂಡ ಹೋದಮೇಲೆ ಎರಡು ವರ್ಷದ ಸಹಾಯಧನ ಮಾಲೀಕನ ಖಾತೆಗೇ ಹೋಗಿತ್ತು. ಉಳುಮೆ, ಬಿತ್ತನೆ, ಅಗೆತ ಎಲ್ಲ ಇವಳದು.

“ಗೇಣಿದಾರ ಅಂತ ಹಾಕ್ತೀನಿ. ನಿಮ್ಮ ಮೈದುನ ಈಗ ಫೋನಲ್ಲಿ ಒಪ್ಪಿದ್ರೆ ಸಾಕು, ಸಹಿ ಆಮೇಲೆ ಹಾಕಲಿ,” ಎಂದು ಅವನೇ ನಂಬರು ಒತ್ತಿ ಸ್ಪೀಕರ್ ಹಾಕಿದ.

“ಅತ್ತಿಗೆ, ಯಾರ ಹೆಸರಿಗೆ ಬಂದ್ರೇನು? ನಾವೇನು ಬೇರೆ ಬೇರೆನಾ?” ಮೈದುನನ ದನಿಯಲ್ಲಿ ಬೆಣ್ಣೆ ಕರಗುತ್ತಿತ್ತು.

“ಬೇರೆ ಅಲ್ಲ ಅಂದ್ರೆ ಸಹಿ ಹಾಕಪ್ಪ.”

“ಗೇಣಿ ಗೀಣಿ ಅಂತ ಕಾಗದ ಆದ್ರೆ ನಾಳೆ ಜಮೀನೇ ನಿಮ್ಮದು ಅಂತೀರಿ. ಮನೆಯವರ ಮಧ್ಯೆ ಅದೆಲ್ಲ ಯಾಕೆ?”

ಫೋನು ಕಟ್ಟಾಯಿತು. ಬೆಂಚಿನ ಮೇಲಿದ್ದ ಹಾಲಿನ ಡೇರಿಯವನು, “ಮನೆಯವರು ಅನ್ನೋ ಮಾತು ಬಂತು ಅಂದ್ರೆ ದುಡ್ಡು ಬರಲ್ಲ ಅಂತ ತಿಳ್ಕೊಳ್ಳಿ,” ಎಂದ.

ಅವಳು ಉಗುರಿನ ಸಂದಿಯ ಮಣ್ಣನ್ನು ಕೆರೆದು ತೆಗೆದಳು. ಆಮೇಲೆ ಕೇಳಿದಳು: “ಮೂರನೇದು ಏನಿತ್ತು?”

“ಕೂಲಿ. ಅದಕ್ಕೆ ಸಹಾಯಧನ ಇಲ್ಲಕ್ಕ. ದಾಖಲೆಗೆ ಮಾತ್ರ.”

“ಅದಕ್ಕೂ ಅವನ ಸಹಿ ಬೇಕಾ?”

“ಬೇಡ. ಹೊಲದಲ್ಲಿ ದುಡಿಯೋದನ್ನ ನೋಡಿದವರು ಇಬ್ಬರು ಹೇಳಿದ್ರೆ ಆಯ್ತು.”

“ಹಾಗಾದ್ರೆ ಅದನ್ನೇ ಹಾಕಿ. ಎರಡು ವರ್ಷದಿಂದ ಅಂತ ಬರೀರಿ.”

“ನೀವು ಯೋಚನೆ ಮಾಡಿ. ಈ ವರ್ಷದ್ದೂ ಅವರಿಗೇ ಹೋಗುತ್ತೆ.”

“ಹೋಗ್ಲಿ. ಸೊಸೆ ಕೂಲಿ ಕೇಳೋ ಹಾಗಿಲ್ಲ. ಕೂಲಿಯವಳು ಕೇಳಬಹುದಲ್ಲ?”

ಗುಮಾಸ್ತನ ಕೈ ಕೀಲಿಮಣೆಯ ಮೇಲೆ ನಿಂತಿತು. ಎರಡು ವರ್ಷ, ಆರೆಕರೆ, ದಿನಕ್ಕಿಷ್ಟು ಎಂದು ಅವನ ತಲೆ ತಾನಾಗಿ ಗುಣಿಸತೊಡಗಿತ್ತು. ಸಹಾಯಧನಕ್ಕಿಂತ ಅದು ಬಹಳ ದೊಡ್ಡದಾಗುತ್ತಿತ್ತು. ಹಾಗೆಂದು ಅವನು ಹೇಳಲಿಲ್ಲ. ವಸೂಲಿಗೆ ಎಷ್ಟು ಬಾಗಿಲು ಅಲೆಯಬೇಕೆಂದೂ ಹೇಳಲಿಲ್ಲ. ಅವಳ ಮುಖ ನೋಡಿದರೆ ಎರಡೂ ಅವಳಿಗೆ ಗೊತ್ತಿದ್ದಂತಿತ್ತು.

ಡೇರಿಯವನು ಯಾರೂ ಕರೆಯದೆಯೇ ಎದ್ದು ಬಂದು ಮೊದಲ ಸಾಕ್ಷಿಯಾಗಿ ಸಹಿ ಹಾಕಿದ. ಇನ್ನೊಂದು ಗೆರೆ ಖಾಲಿ ಇತ್ತು. ಬೆಂಚಿನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಗುಮಾಸ್ತ ಗಡಿಯಾರ ನೋಡಿದ, ಸಾಹೇಬರ ಕೋಣೆಯ ಬಾಗಿಲು ನೋಡಿದ. ಅವನು ದಿನವೂ ಕಚೇರಿಗೆ ಬರುವ ದಾರಿ ಅವಳ ಹೊಲದ ಬದಿಯಲ್ಲೇ ಹಾದುಹೋಗುತ್ತಿತ್ತು. ಅವನು ಪೆನ್ನಿನ ಮುಚ್ಚಳ ತೆಗೆದು ಆ ಗೆರೆಯ ಮೇಲೆ ತನ್ನ ಹೆಸರು ಬರೆದ.