ಗಿರಣಿಯಲ್ಲಿ ನಾಲ್ಕನೇ ಟೋಕನ್

ರಾಮಕ್ಕ ಸಹಿ ಹಾಕದಿದ್ದರೆ ಚೈತನ್ಯಾಳ ಎಂ.ಟೆಕ್ ಒಂದು ವರ್ಷ ಹಿಂದಕ್ಕೆ ಬೀಳುತ್ತಿತ್ತು. ರಾಮಕ್ಕ ಪ್ರೊಫೆಸರ್ ಏನಲ್ಲ, ಕುರುಬರಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವಾಕೆ. ಓದಿದ್ದು ಐದನೇ ಕ್ಲಾಸು. ಅವಳ ಕೈಗೆ ಇಂಥ ಅಧಿಕಾರ ಕೊಟ್ಟವರು ಕೆಂಗೇರಿ ಕಡೆಯ ಕಾಲೇಜಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಕಲಿಸುವ ಮೋಹನ್ ಕುಮಾರ್ ಮೇಷ್ಟ್ರು. ಅವರದು ಒಂದೇ ಹಟ. ಪ್ರತಿಯೊಬ್ಬ ವಿದ್ಯಾರ್ಥಿಯೂ ಹೊರಗಿನ ಒಬ್ಬ ನಿಜವಾದ ಮನುಷ್ಯನಿಗೆ ಸಾಫ್ಟ್‌ವೇರ್ ಮಾಡಿಕೊಡಬೇಕು. ಆ ಮನುಷ್ಯ ಅದನ್ನು ಒಂದು ಬೆಳಿಗ್ಗೆ ಬಳಸಿ ನೋಡಿ, 'ಇದು ನನ್ನ ಕೆಲಸಕ್ಕೆ ಆಗುತ್ತದೆ' ಎಂಬ ಫಾರಂಗೆ ಸಹಿ ಹಾಕಬೇಕು. ಸಹಿ ಇಲ್ಲದವರಿಗೆ ಆ ಸಬ್ಜೆಕ್ಟ್ ಮುಂದಿನ ವರ್ಷ ಮತ್ತೆ.

ಚೈತನ್ಯಾಳಿಗೆ ಮುಂದಿನ ವರ್ಷ ಎಂಬುದೇ ಇರಲಿಲ್ಲ. ಮೂವತ್ಮೂರು ವರ್ಷದ ಅವಳು ಪಾಲಿಟೆಕ್ನಿಕ್ ಒಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದು, ಓದಲೆಂದು ಎರಡು ವರ್ಷ ರಜೆ ಗಿಟ್ಟಿಸಿಕೊಂಡಿದ್ದಳು. ಅದರಲ್ಲಿ ಉಳಿದಿದ್ದು ಮೂರೇ ತಿಂಗಳು.

ಅವಳ ಕ್ಲಾಸಿನ ಸಂಪತ್ ಕೊರಿಯರ್ ಆಫೀಸಿನಲ್ಲಿದ್ದ ಸೋದರಮಾವನ ಹತ್ತಿರ ಐದು ನಿಮಿಷದಲ್ಲಿ ಸಹಿ ಹಾಕಿಸಿಕೊಂಡು ಬಂದಿದ್ದ. ಚೈತನ್ಯಾಳಿಗೆ ಅಂಥ ಮಾವಂದಿರಿರಲಿಲ್ಲ. ಚಿಕ್ಕಂದಿನಿಂದ ಡಬ್ಬ ಹಿಡಿದುಕೊಂಡು ನಿಂತ ಗಿರಣಿ ಮಾತ್ರ ಇತ್ತು. ಅಲ್ಲಿ ಮೊದಲು ಬಂದವರ ಡಬ್ಬ ಮೊದಲು ಹೋಗುತ್ತಿರಲಿಲ್ಲ ಎಂಬ ಸಿಟ್ಟೂ ಇತ್ತು. ಹಾಗಾಗಿ ಬಂದ ಸಾಲಿನಂತೆ ನಂಬರ್ ಕೊಡುವ ಟೋಕನ್ ಆ್ಯಪ್ ಒಂದನ್ನು ತಯಾರು ಮಾಡಿದಳು. ರಾಮಕ್ಕನನ್ನು ಒಂದು ಮಾತೂ ಕೇಳಲಿಲ್ಲ. ಮೂವತ್ತು ವರ್ಷದಿಂದ ನೋಡುತ್ತಿರುವ ಗಿರಣಿಯಲ್ಲಿ ಕೇಳುವುದೇನು? ಬಳಸುವವರನ್ನು ಮೊದಲು ವಿಚಾರಿಸಬೇಕು ಎಂಬುದೇ ಆ ಸಬ್ಜೆಕ್ಟಿನ ಮೊದಲ ಪಾಠ. ಅದರಲ್ಲಿ ಅವಳಿಗೆ ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ಬಂದಿತ್ತು ಬೇರೆ.

ಭಾನುವಾರ ಬೆಳಿಗ್ಗೆ ಗಿರಣಿಯಲ್ಲಿ ಆ್ಯಪ್‌ನ ಪರೀಕ್ಷೆ ಶುರುವಾಯಿತು. ಒಂದನೇ ಟೋಕನ್ ಗೋಧಿ, ಎರಡನೆಯದು ಮರಿಯಪ್ಪನವರ ರಾಗಿ. ಮರಿಯಪ್ಪ ರಿಟೈರಾದ ಬಸ್ ಕಂಡಕ್ಟರು. ವಾರಕ್ಕೆ ಮೂರ್ನಾಲ್ಕು ಸಲ ಒಂದೊಂದು ಕೆ.ಜಿ. ರಾಗಿ ತಂದು, ಗಿರಣಿಯ ಬೆಂಚಿನ ಮೇಲೆ ಪೇಪರ್ ಹರಡಿಕೊಂಡು, ಬಂದವರಿಗೆಲ್ಲ ದೇಶದ ಸಮಾಚಾರ ತಿಳಿಸುತ್ತಿದ್ದರು. ಅವತ್ತು ಪೇಪರ್ ಬಿಚ್ಚುವ ಮೊದಲೇ ಹಿಟ್ಟು ಕೈಗೆ ಬಂತು.

"ಇಷ್ಟು ಬೇಗ ಆಗ್ಹೋಯ್ತಾ?" ಎಂದು ಸ್ವಲ್ಪ ಹೊತ್ತು ನಿಂತಿದ್ದು, ಮನೆ ಕಡೆ ನಡೆದರು. 'ಕಾದ ಸಮಯ ಏಳು ನಿಮಿಷ' ಎಂದು ಚೈತನ್ಯಾ ಹೆಮ್ಮೆಯಿಂದ ಬರೆದುಕೊಂಡಳು.

ಮೂರನೆಯದು ಒಣಮೆಣಸಿನಕಾಯಿ. ಅದನ್ನು ಬೀಸಿದ ಮೇಲೆ ರಾಮಕ್ಕ ಕೇಳಿದಳು, "ನಂಬರ್ ಪ್ರಕಾರನೇ ಹಾಕ್ಬೇಕಾ?"

"ಹೂಂ ರಾಮಕ್ಕ, ನಂಬರ್ ಪ್ರಕಾರನೇ."

"ನಾಲ್ಕು ಯಾರ್ದು?"

"ನಮ್ಮನೇದೇ, ಗೋಧಿ."

"ಹಂಗಾದ್ರೆ ಸರಿ," ಎಂದು ರಾಮಕ್ಕ ಗೋಧಿಯನ್ನು ಅದೇ ಕಲ್ಲಿಗೆ ಸುರಿದಳು. ಆಮೇಲೆ ಮಿಷಿನ್ನು ನಿಲ್ಲಿಸಿ, "ಮಿಕ್ಕಿದ್ದು ನನ್ನ ಸಾಲಿನ ಪ್ರಕಾರ ಬೀಸ್ತೀನಿ," ಎಂದಳು.

ಮಧ್ಯಾಹ್ನ ಮನೆಯಲ್ಲಿ ಚಪಾತಿ ಕೆಂಪಗಾಗಿತ್ತು. ಚೈತನ್ಯಾಳ ತಾಯಿ ಶಶಿಕಲಾ ಮೂರು ಲೋಟ ಮಜ್ಜಿಗೆ ಕುಡಿದು, ಕಣ್ಣೊರೆಸಿಕೊಳ್ಳುತ್ತಾ, "ಎಂ.ಟೆಕ್ ಬಹಳ ಖಾರ ಕಣೇ," ಎಂದರು. ಸಂಜೆ ಫಾರಂ ಹಿಡಿದು ಗಿರಣಿಗೆ ಹೋದ ಮಗಳಿಗೆ ರಾಮಕ್ಕ ನೇರವಾಗಿ ಹೇಳಿದಳು: "ಸುಳ್ಳು ಸಹಿ ಹಾಕಲ್ಲಮ್ಮ. ಬೇಜಾರು ಮಾಡ್ಕೋಬೇಡ."

ಚೈತನ್ಯಾಳಿಗೆ ನಾಚಿಕೆಯಾಯಿತು, ಭಯವೂ ಆಯಿತು. ಫಾರಂ ಒಪ್ಪಿಸಲು ಒಂದೇ ವಾರವಿತ್ತು. ಮರುದಿನದಿಂದ ಮೂರು ಬೆಳಿಗ್ಗೆ ನೋಟ್‌ಬುಕ್ ಹಿಡಿದು ಗಿರಣಿಯ ಮೂಲೆಯಲ್ಲಿ ಕೂತಳು. ರಾಮಕ್ಕ ಕೇಳಿದ್ದಕ್ಕೆಲ್ಲ ಹೇಳಿದಳು. ಕಲ್ಲು ತಣ್ಣಗಿರುವಾಗ ಗೋಧಿ, ಆಮೇಲೆ ಅಕ್ಕಿ, ರಾಗಿ, ಕಾಳು. ಮೆಣಸಿನಕಾಯಿ ಕಡೆಗೆ, ಅದಾದ ಮೇಲೆ ಒಂದು ಪಾವು ನುಚ್ಚು ಬೀಸಿ ಕಲ್ಲು ತೊಳೆದ ಹಾಗೆ ಮಾಡಬೇಕು. ಎಳೆ ಮಗುವಿನ ಸರಿಹಿಟ್ಟಿಗೆಂದು ತಂದ ರಾಗಿ ಇದ್ದರೆ ಅದು ಎಲ್ಲಕ್ಕಿಂತ ಮುಂಚೆ.

ಒಂದು ವಿಷಯ ಮಾತ್ರ ರಾಮಕ್ಕ ಹೇಳಲಿಲ್ಲ, ಚೈತನ್ಯಾ ನೋಡಿಯೇ ತಿಳಿದುಕೊಂಡಳು. ಮರಿಯಪ್ಪನವರ ರಾಗಿ ಒಂಬತ್ತಕ್ಕೇ ಹಿಟ್ಟಾಗುತ್ತಿತ್ತು. ಡಬ್ಬ ಮಾತ್ರ ಗೋಣಿಚೀಲದ ಕೆಳಗೆ ಹನ್ನೊಂದರವರೆಗೆ ಕೂತಿರುತ್ತಿತ್ತು. ಅಲ್ಲಿಯವರೆಗೆ ಮರಿಯಪ್ಪನವರು ಪೇಪರ್ ಓದುತ್ತಾ, ಬಂದ ಹೆಂಗಸರಿಗೆ ಡಬ್ಬ ಎತ್ತಿಕೊಡುತ್ತಾ, ಸುಖವಾಗಿರುತ್ತಿದ್ದರು. ಏಳು ನಿಮಿಷವೆಂದು ತಾನು ಬರೆದುಕೊಂಡದ್ದು ನೆನಪಾಗಿ ಅವಳು ಆ ಸಾಲಿನ ಮೇಲೆ ಗೀಟು ಎಳೆದಳು.

ಬರೆದ ಪ್ರೋಗ್ರಾಮಿನಲ್ಲಿ ಮುಕ್ಕಾಲು ಭಾಗ ಅಳಿಸಿಹಾಕಿದಳು. ಈಗ ಸಾಲು ರಾಮಕ್ಕನದೇ. ಒಂದೊಂದು ಡಬ್ಬ ಆದ ಹಾಗೆ ರಾಮಕ್ಕ ತನ್ನ ಫೋನಿನಲ್ಲಿ ಹೆಸರು ಒತ್ತಿದರೆ, ಮನೆಯಲ್ಲಿರುವವರಿಗೆ ಮೆಸೇಜು ಹೋಗುತ್ತಿತ್ತು. ಇಷ್ಟು ಸಣ್ಣದಕ್ಕೆ ಮೇಷ್ಟ್ರು ಎಷ್ಟು ಮಾರ್ಕ್ಸ್ ಕೊಡುತ್ತಾರೋ ಎಂಬ ಅಳುಕಿತ್ತು. ಆದರೆ ಸಹಿಯೇ ಇಲ್ಲದೆ ಮಾರ್ಕ್ಸಿನ ಮಾತೆಲ್ಲಿ ಬಂತು?

ಶನಿವಾರ ಎರಡನೇ ಪರೀಕ್ಷೆ. ರಾಮಕ್ಕ ಹೆಸರುಗಳನ್ನು ಒತ್ತುತ್ತಾ ಹೋದಳು, ಜನ ಬಂದು ಡಬ್ಬ ಒಯ್ಯುತ್ತಾ ಹೋದರು. ಒಂಬತ್ತಕ್ಕೆ ಅವಳ ಬೆರಳು ಸ್ವಲ್ಪ ತಡೆಯಿತು. ಆಮೇಲೆ ಮರಿಯಪ್ಪನವರ ಹೆಸರು ಒತ್ತಿ, ಬೆಂಚಿನ ಕಡೆ ನೋಡಿದಳು. ಬೆಂಚಿನ ಮೇಲೆ ಅವರ ಪಕ್ಕದಲ್ಲಿದ್ದ ಫೋನು ಸುಮ್ಮನಿತ್ತು.

"ಎಲ್ರಿಗೂ ಮೆಸೇಜ್ ಬರ್ತಾ ಇದೆ," ಎಂದರು ಮರಿಯಪ್ಪ. "ನಂದೇನಾಯ್ತಮ್ಮ?"

"ನಿಮ್ದು ಇನ್ನೂ ಆಗಿಲ್ಲ ಅಂಕಲ್," ಎಂದಳು ಚೈತನ್ಯಾ. ಡಬ್ಬ ಅವಳ ಕಾಲ ಹತ್ತಿರವೇ, ಗೋಣಿಚೀಲದ ಕೆಳಗಿತ್ತು. "ಕೂತಿರಿ, ಆದಾಗ ಬರತ್ತೆ."

"ಅವಸರ ಏನಿಲ್ಲ ಬಿಡು," ಎಂದು ಅವರು ಪೇಪರಿನ ಎರಡನೇ ಪುಟಕ್ಕೆ ಹೋದರು.

ರಾಮಕ್ಕ ಚೈತನ್ಯಾಳನ್ನೇ ಒಂದು ಗಳಿಗೆ ನೋಡಿದಳು. ಮಿಷಿನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, "ಎಲ್ಲಿ, ಕೊಡು ಆ ಫಾರಂ," ಎಂದಳು. ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಪಕ್ಕದಲ್ಲಿ ಹೆಬ್ಬೆರಳಿನ ಹಿಟ್ಟು ಅಂಟಿತು. ಚೈತನ್ಯಾ ಅದನ್ನು ಒರೆಸದೆ ಹಾಗೇ ಫೈಲಿನಲ್ಲಿಟ್ಟಳು.

ಹನ್ನೊಂದಕ್ಕೆ ಸರಿಯಾಗಿ ಮರಿಯಪ್ಪನವರ ಫೋನು ಟಿಣ್ ಎಂದಿತು.