ಮನೆಯಲ್ಲೇ ಇರುವವಳು

ನಿಂಬರ್ಗಾದ ಗುರುಶಾಂತಮ್ಮ ಮನೆಯಲ್ಲೇ ಕೂತು ಹಳೆ ಸೀರೆ ಪದರಿಸಿ ಕೌದಿ ಹೊಲಿದು ಕೊಡುತ್ತಿದ್ದಳು. ಹೊಲಕ್ಕೆ ಹೋದವರಿಗಷ್ಟೇ ಕೆಲಸ, ಮನೆಯಲ್ಲಿರುವವಳಿಗೇನು, ಬರೀ ಬಿಡುವು ಎಂದು ಓಣಿ ಪೂರ್ತಿ ನಂಬಿತ್ತು. ಕೀಲಿ ಕೊಟ್ಟು ಹೋಗುವವರು, ಹಪ್ಪಳ ಕಾಯಲು ಹೇಳುವವರು, ಕೂಸು ಬಿಟ್ಟು ಸಂತೆಗೆ ಹೊರಡುವವರು, ಎಲ್ಲರಿಗೂ ಆಕೆಯೇ ಬೇಕು. ಮೈಯೆಲ್ಲ ಉರಿದರೂ ಆಕೆ ಬಾಯಿ ಬಿಡುತ್ತಿರಲಿಲ್ಲ.

ಅದು ಎಂಬತ್ತೊಂದನೇ ಇಸವಿಯ ಬೇಸಿಗೆ. ಅದೇ ಓಣಿಯ ಸುಮಿತ್ರಾಬಾಯಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ. ತೊಟ್ಟಿಲಲ್ಲಿ ಹಾಸುವ ಕೌದಿಗೆ ಒಂದು ಮೂಲೆಯಷ್ಟೇ ಬಾಕಿಯಿತ್ತು.

"ಗುರುಶಾಂತಾ, ಹಾಲು ಹೊತ್ತಿದ ವಾಸನಿ ಬರಾಕತ್ತದ, ನೋಡು. ಮನ್ಯಾಗೇ ಅದಿಯಲ್ಲ," ಎಂದು ಅತ್ತೆ ಸಾಬವ್ವ ಕಟ್ಟೆಯ ಮೇಲಿಂದಲೇ ಕೂಗಿದಳು.

ಗುರುಶಾಂತಮ್ಮ ಸೂಜಿಯನ್ನು ಸಿಕ್ಕಲ್ಲಿ ಚುಚ್ಚಿ ಎದ್ದಳು. ತಿರುಗಿ ಬಂದಾಗ ಕೌದಿಯೇ ಇಲ್ಲ.

"ಸುಮಿತ್ರಾಬಾಯಾರ ಮನಿಯವ್ರು ಬಂದಿದ್ರು. ಮಡಚಿ ಕೊಟ್ಟೇನಿ," ಎಂದಳು ಸಾಬವ್ವ.

"ಅದರಾಗಿನ ಸೂಜಿ?"

"ಯಾವ ಸೂಜಿ?"

ಗುರುಶಾಂತಮ್ಮ ಕೂತಿದ್ದ ಜಾಗವನ್ನೆಲ್ಲ ತಡವಿದಳು. ಸೆರಗು ಜಾಡಿಸಿದಳು. ಇಲ್ಲ. ಅಂಬೆಗಾಲಿಡುತ್ತಿದ್ದ ಮಗಳು ಏನೋ ಜಗಿಯುತ್ತಿದ್ದಳು. ಬಾಯಿಗೆ ಬೆರಳು ಹಾಕಿ ತೆಗೆದರೆ ಬಟ್ಟೆಯ ಚೂರು. ಸೂಜಿ ನೆಲದ ಮೇಲಿದ್ದರೆ ತನ್ನ ಕೂಸಿಗೆ ಅಪಾಯ, ಕೌದಿಯಲ್ಲಿದ್ದರೆ ಅವರ ಕೂಸಿಗೆ.

"ಅತ್ತಿ, ಇಕಿನ್ನ ನೆಲಕ್ಕ ಬಿಡಬ್ಯಾಡ್ರಿ!" ಎಂದು ಮಗಳನ್ನು ಸಾಬವ್ವನ ಕೈಗೆ ಹಾಕಿ ಓಡಿದಳು.

ಅಲ್ಲಿ ಹೆಂಗಸರು ಹಾಡುತ್ತ ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಕ್ಕೆ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕೊನೆಯದಾಗಿ ಸುಮಿತ್ರಾಬಾಯಿ ಅದನ್ನು ಮಲಗಿಸಲು ಬಗ್ಗಿದಳು.

"ಹಾಕಬ್ಯಾಡ್ರಿ!"

ಹಾಡು ನಿಂತಿತು. ಶುಭಕಾರ್ಯದಲ್ಲಿ ಎಂಥ ಮಾತು!

"ಹಂಗ್ಯಾಕ ಒದರ್ತಿ ಬೇ?" ಎಂದು ಸುಮಿತ್ರಾಬಾಯಿ ಸಿಡಿದಳು.

ಗುರುಶಾಂತಮ್ಮ ಕೌದಿ ಎಳೆದುಕೊಂಡು ಅಂಗೈಯಿಂದ ಒತ್ತುತ್ತ ಹೋದಳು. ಕೂಸಿನ ತಲೆ ಬರುವ ಕಡೆ ಹೆಬ್ಬೆರಳಿಗೆ ಚುಚ್ಚಿತು. ಸೂಜಿ ಎತ್ತಿ ಹಿಡಿದಳು.

ಸುಮಿತ್ರಾಬಾಯಿ ಕೂಸನ್ನು ಅವಚಿಕೊಂಡು ಕೂತೇಬಿಟ್ಟಳು. "ಮನ್ಯಾಗ ಕುಂತು ಮಾಡೋ ಕೆಲಸ, ಇಷ್ಟೂ ಲಕ್ಷ್ಯ ಇಲ್ಲೇನು?"

"ಮನ್ಯಾಗ ಕುಂತೇನಂತನೇ ಹಿಂಗಾತ್ರಿ," ಎಂದು ಗುರುಶಾಂತಮ್ಮ ಗಳಗಳನೆ ಅತ್ತಳು.

ಮನೆಗೆ ಬಂದರೆ ಸಾಬವ್ವ ಮೊಮ್ಮಗಳನ್ನು ಎತ್ತಿಕೊಂಡು ನಿಂತೇ ಇದ್ದಳು. ಕೂತಿರಲಿಲ್ಲ. ಸೂಜಿ ನೋಡಿದಳು, ಸೊಸೆಯ ಮುಖ ನೋಡಿದಳು.

ಮರುದಿನ ಗುರುಶಾಂತಮ್ಮ ಒಳಗೆ ಅಗಳಿ ಹಾಕಿಕೊಂಡು ಹೊಲಿಯಲು ಕೂತಳು. ಪಕ್ಕದ ಮನೆಯ ಹಜರಾಬಿ ಕೀಲಿ ಹಿಡಿದು ಬಂದಳು.

"ಗುರುಶಾಂತಮ್ಮ ಅದಾಳೇನ್ರಿ?"

ಒಳಗೆ ಸೂಜಿ ನಿಂತಿತು.

ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ ಸಾಬವ್ವ ಹೇಳಿದಳು: "ಇಲ್ಲವಾ. ಕೆಲಸಕ್ಕ ಹೋಗ್ಯಾಳ. ಹೊತ್ತು ಮುಣುಗಿದ ಮ್ಯಾಲ ಬರ್ತಾಳ."