ಅಂಗಡಿಗೆ ಬೇಕಾದ ಮುಖ

"ಥೂ, ಇದೇನೇ ಇದು, ಹೆಣ ಬಿಡಿಸಿಟ್ಟಿದ್ದೀಯಾ? ಊಟ ಮಾಡ್ತಿರೋನು ಇದನ್ನ ನೋಡಿದ್ರೆ ಬಾಯಲ್ಲಿದ್ದ ತುತ್ತು ಹೊರಗೆ ಬರುತ್ತೆ."

ಅಣ್ಣ ಪರದೆಯ ಮೇಲೆ ಬೆರಳು ಕುಟ್ಟಿದ. ಅವನು ಅಲ್ಲಿ ಯಾರಿಗೂ ಅಣ್ಣನಲ್ಲ, ಆ ವಿಡಿಯೊ ಗೇಮ್ ಕಂಪನಿಯ ಮಾಲೀಕ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಕಂಪನಿ. "ಸಾರ್ ಗೀರ್ ಬೇಡ, ನಾವೆಲ್ಲ ಒಂದೇ ಮನೆಯವರು, ಅಣ್ಣಾ ಅನ್ನಿ" ಎಂದು ಅವನೇ ಹೇಳಿದ್ದರಿಂದ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವನು ಮಾತ್ರ ಅಲ್ಲಿ ಚಿತ್ರ ಬರೆಯುವ ಹುಡುಗಿಯನ್ನು ಮಸಿ ಎಂದು ಕರೆಯುತ್ತಿದ್ದ. ಮೈಬಣ್ಣ ನೋಡಿ ಇಟ್ಟ ಹೆಸರು. ಯಾರಾದರೂ ಹುಬ್ಬೇರಿಸಿ ಅವನ ಮುಖ ನೋಡಿದರೆ, "ಚಿತ್ರ ಬರಿಯೋಳಲ್ವಾ, ಅದಕ್ಕೆ" ಎಂದು ನಗುತ್ತಿದ್ದ.

ಆಟದ ಹೆಸರು 'ಕೆಳಗಿನ ಊರು'. ಆಡುವವನು ಒಳಚರಂಡಿಗೆ ಇಳಿದು, ಕಟ್ಟಿಕೊಂಡ ಕೊಳವೆಗಳನ್ನು ಬಿಡಿಸುತ್ತ, ಕೆಟ್ಟ ಗಾಳಿ ತಪ್ಪಿಸಿಕೊಂಡು ಮೇಲೆ ಬರಬೇಕು. ಗಾಳಿ ಕೆಟ್ಟಾಗ ಕಿವಿ ಹೇಗೆ ಗುಂಯ್‌ಗುಡುತ್ತದೆ, ಗೋಡೆಯ ಪಾಚಿಯಲ್ಲಿ ಕಾಲು ಹೇಗೆ ಜಾರುತ್ತದೆ ಎಂದೆಲ್ಲ ಹೇಳಿದವಳು ಮಸಿ. ಅವಳಿಗೆ ಹೇಳಿದವನು ಅವಳ ಅಪ್ಪ. ಅವನು ಹರೆಯದಿಂದ ಒಳಚರಂಡಿಯ ಗುಂಡಿಗೆ ಇಳಿಯುತ್ತಿದ್ದವನು. ಒಂದು ದಿನ ಜೊತೆಗೆ ಇಳಿದ ತಮ್ಮ ಮೇಲೆ ಬರಲಿಲ್ಲ. ಅವತ್ತಿನಿಂದ ಅಪ್ಪ ಗುಂಡಿಯ ಮುಚ್ಚಳದ ಮೇಲೆ ಕಾಲಿಟ್ಟು ನಡೆಯುವುದನ್ನೂ ಬಿಟ್ಟಿದ್ದ. ಕೆಮ್ಮು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಮಗಳ ಕೆಲಸದಿಂದ.

ಈಗ ಬೇಕಾಗಿದ್ದದ್ದು ಇಂಟರ್ನೆಟ್ಟಿನ ಅಂಗಡಿಯಲ್ಲಿ ಆಟದ ಹೆಸರಿನ ಜೊತೆ ಕಾಣುವ ಚಿತ್ರ. ಸಾವಿರಾರು ಆಟಗಳ ನಡುವೆ ಅದು ಹೆಬ್ಬೆರಳ ಉಗುರಿನಷ್ಟೇ ಕಾಣುತ್ತದೆ. ಜನ ಸರಸರ ತಳ್ಳಿಕೊಂಡು ಹೋಗುವಾಗ ಆ ಉಗುರಿನಷ್ಟು ಚಿತ್ರ ಅವರ ಬೆರಳನ್ನು ಹಿಡಿದು ನಿಲ್ಲಿಸಬೇಕು. ಮಸಿ ಮೊದಲು ಕೊಳವೆ, ಇಲಿ, ಮೇಲಿನ ಊರಿನ ದೀಪಗಳು ಎಲ್ಲವನ್ನೂ ಬರೆದಿದ್ದಳು. ಚಿಕ್ಕದು ಮಾಡಿ ನೋಡಿದರೆ ಕಲಸುಮೇಲೋಗರ. ಒಂದೊಂದನ್ನೇ ಅಳಿಸುತ್ತ ಬಂದಳು. ಕೊನೆಗೆ ಉಳಿದದ್ದು ಕಪ್ಪು ಗುಂಡಿ, ಹಣೆಯ ಮೇಲಿನ ಹಳದಿ ದೀಪ, ಕುತ್ತಿಗೆವರೆಗೆ ಮೇಲೆ ಬಂದ ಒಬ್ಬ ಮನುಷ್ಯನ ಮುಖ, ಕೆಳಗೆ ದಪ್ಪಕ್ಷರದ ಹೆಸರು. ಬಾಗಿಲ ಹತ್ತಿರ ನಿಂತು ನೋಡಿದರೂ ಎದ್ದು ಕಾಣುತ್ತಿತ್ತು.

ಮುಖ ಅಪ್ಪನದು. ವಠಾರದ ಅಂಗಳದಲ್ಲಿ ಒಂದು ಹಳೆಯ ಡ್ರಮ್ಮಿನೊಳಗೆ ನಿಂತು ಅವನೇ ಮಾದರಿ ಕೊಟ್ಟಿದ್ದ. "ನನ್ನ ಮುಖಾನ ಅಂಗಡೀಲಿ ತೂಗುಹಾಕ್ತಾರಾ? ಯಾವ ಬೀದೀಲಿದೆ ಆ ಅಂಗಡಿ? ಒಂದು ಸಲ ಹೋಗಿ ನೋಡ್ಕೊಂಡು ಬರ್ತೀನಿ" ಎಂದಿದ್ದ. ಅದು ಬೀದಿಯ ಅಂಗಡಿಯಲ್ಲ ಎಂದು ತಿಳಿಸುವಷ್ಟರಲ್ಲಿ ಮಗಳಿಗೆ ಸಾಕುಬೇಕಾಗಿತ್ತು.

"ಮೂತಿ ನೋಡು, ಕೋಲೆಬಸವ!" ಅಣ್ಣ ಇನ್ನೂ ಬಿಟ್ಟಿರಲಿಲ್ಲ. "ಕಣ್ಣಲ್ಲಿ ಜೀವ ಇಲ್ಲ, ಸುಮ್ನೆ ಕೂತಿದಾನೆ. ಭಯ ಬೇಕು ಕಣೇ, ಭಯ. ನಿಮ್ಮಪ್ಪ ಅದೇ ಕೆಲಸದೋನಲ್ವಾ? ಕರ್ಕೊಂಡು ಬಾ. ಹಿಂದಿನ ಓಣೀಲಿ ಗುಂಡಿ ಇದೆ. ಇಳಿಸಿ ಫೋಟೊ ತೆಗೆಯೋಣ. ನೋಡ್ಕೊಂಡು ಬರಿ."

"ಅವರು ಅದನ್ನ ಬಿಟ್ಟುಬಿಟ್ಟಿದಾರೆ ಅಣ್ಣಾ. ಎದೆ ಸರಿ ಇಲ್ಲ."

"ಹಾಗಾದ್ರೆ ಬೇರೆಯೋರ ಕೈಲಿ ಬರೆಸ್ತೀನಿ. ನೀನೂ ಬಿಟ್ಟುಬಿಡು."

ಪಕ್ಕದ ಮೇಜಿನಲ್ಲಿ ಆಟದ ಪ್ರೋಗ್ರಾಂ ಬರೆಯುವ ಹುಡುಗ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಅವನು ತಲೆ ಎತ್ತಲಿಲ್ಲ.

ಮನೆಯಲ್ಲಿ ಅವಳು ಈ ಮಾತು ತೆಗೆಯಲೇಬಾರದು ಎಂದುಕೊಂಡಿದ್ದಳು. ಆದರೆ ತಟ್ಟೆಯ ಮುಂದೆ ಕೂತವಳ ಕೈ ಬಾಯಿಗೆ ಹೋಗದಿದ್ದುದನ್ನು ಅಪ್ಪ ನೋಡಿದ. ಬಿಡದೆ ಕೇಳಿ ತಿಳಿದುಕೊಂಡ. ಗೋಡೆಗೆ ಒರಗಿ ಕೂತ.

"ತಲೆ ಹೊರಗೇ ಇರುತ್ತೆ ತಾನೇ?"

"ಹೂಂ ಅಪ್ಪ. ಆದ್ರೂ ಬೇಡ."

"ಬೇಡ ಅಂದ್ರೆ ಒಲೆ ಕೇಳುತ್ತಾ? ಒಂದು ಗಳಿಗೆ ಕೆಲಸ. ಬರ್ತೀನಿ ಬಿಡು."

ಮಾರನೆಯ ದಿನ ಅಪ್ಪ ಮೆಟ್ಟಿಲು ಹತ್ತಿ ಬಂದಾಗ ಅಣ್ಣ ಕುರ್ಚಿಯ ಮೇಲೆ ಹಳೆಯ ಪೇಪರ್ ಹಾಸಿಸಿ ಆಮೇಲೆ ಕೂರಲು ಹೇಳಿದ. ಅಪ್ಪ ಪೇಪರನ್ನು ನೋಡಿ, "ನಿಂತ್ಕೋತೀನಿ ಸ್ವಾಮಿ" ಎಂದ.

ಓಣಿಯಲ್ಲಿ ಮುಚ್ಚಳ ತೆಗೆದರು. ನಾತಕ್ಕೆ ಎಲ್ಲರೂ ಹಿಂದೆ ಸರಿದರು. ಅಪ್ಪ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಕಬ್ಬಿಣದ ಮೆಟ್ಟಿಲನ್ನು ಪಾದದಲ್ಲೇ ಹುಡುಕಿಕೊಂಡ. ಎದೆವರೆಗೆ ಇಳಿದ. ಅಣ್ಣ ಮೂಗಿಗೆ ಕರ್ಚೀಫು ಕಟ್ಟಿ ಕ್ಯಾಮೆರಾ ಹಿಡಿದಿದ್ದ.

"ಹೀಗಲ್ಲ. ಇನ್ನೂ ಕೆಳಗೆ ಹೋಗು. ಹಾಂ. ಈಗ ಬಾ. ಮಂಕುಬಡಿದೋನ ಹಾಗೆ ಬರಬೇಡ್ವೋ! ಮತ್ತೆ ಇಳಿ."

ಅಪ್ಪ ಮತ್ತೆ ಇಳಿದ, ಮತ್ತೆ ಬಂದ. ಕೆಮ್ಮಿದ. ಮತ್ತೆ ಇಳಿ ಎಂದ ಅಣ್ಣ.

"ಸಾಕು ಅಣ್ಣಾ" ಎಂದಳು ಮಸಿ.

"ನೀನು ಬಾಯಿ ಮುಚ್ಕೊಂಡಿರು. ಲೋ ಕನ್ನಡಕ, ಮುಚ್ಚಳ ಅರ್ಧ ಎಳಿ. ಬೆಳಕು ಕತ್ತರಿಸಿದ ಹಾಗೆ ಬೀಳಬೇಕು."

ಅಪ್ಪನ ತಲೆ ಒಳಗಿತ್ತು. ಮುಚ್ಚಳ ಕರಕರ ಎಂದು ಕಲ್ಲಿನ ಮೇಲೆ ಜರುಗಿತು. ಒಳಗಿಂದ ಒಂದು ಕೂಗು ಬಂತು. ಮಾತಲ್ಲ, ಮಗಳು ಅಪ್ಪನ ಬಾಯಲ್ಲಿ ಎಂದೂ ಕೇಳದ ಸದ್ದು. ಆಮೇಲೆ ಎರಡು ಕೈ ಅಂಚನ್ನು ಹಿಡಿದವು. ಉಗುರು ಕಲ್ಲಿಗೆ ಕಚ್ಚಿದವು. ತಲೆ ಹೊರಬಂತು. ಕಣ್ಣುಗುಡ್ಡೆ ಹೊರಳಿದ್ದವು, ಬಾಯಿ ಗಾಳಿಗೆ ಅಗಲವಾಗಿ ತೆರೆದಿತ್ತು. ಆ ಬಾಯಿಯಿಂದ ಅವನು ಸತ್ತ ತಮ್ಮನನ್ನು ಕರೆಯುತ್ತಿದ್ದ.

"ಸಿಕ್ತು!" ಅಣ್ಣ ಕುಣಿದುಬಿಟ್ಟ. "ಬಡ್ಡೀಮಗಂದು, ಇದೇ ಕಣ್ರೋ ನನಗೆ ಬೇಕಾಗಿದ್ದು!"

ಮಸಿ ಅಪ್ಪನ ಕಂಕುಳಿಗೆ ಕೈ ಕೊಟ್ಟು ಎಳೆದಳು. ಟೈರ್ ಅಂಗಡಿಯವನು ನಲ್ಲಿಯ ಹತ್ತಿರ ಬಿಡಲಿಲ್ಲ. ಅವಳು ದೂರದಿಂದ ಬಕೆಟ್ಟಿನಲ್ಲಿ ನೀರು ತಂದು ಸುರಿದಳು.

ಚಿತ್ರ ಮೊದಲಿನಿಂದ ಬರೆಯಬೇಕಾಯಿತು. ಅಣ್ಣ ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ.

"ಬಾಯಿ ಹಾಗೇ ಇರಲಿ. ಕಣ್ಣೂ ಇರಲಿ. ಮೂಗು ಎತ್ತರ ಮಾಡು. ಬಣ್ಣ ತಿಳಿ ಮಾಡು... ಇನ್ನೂ ತಿಳಿ. ಕೆನ್ನೆ ಮೇಲೆ ಕೆಸರು ಇರಲಿ, ಆದ್ರೆ ಚಂದ ಕಾಣೋ ಕೆಸರು. ವಯಸ್ಸು ಇಳಿಸು. ಹಲ್ಲು ಬೆಳ್ಳಗೆ. ಆಡೋನಿಗೆ ನಾನೇ ಇವನು ಅನ್ನಿಸಬೇಕು ಕಣೇ. ನಿಮ್ಮಪ್ಪ ನಾನು ಅಂತ ಯಾವನಿಗೆ ಅನ್ನಿಸುತ್ತೆ?"

ಅವಳು ಮೂಗು ಎತ್ತರಿಸಿದಳು. ಸುಕ್ಕು ಅಳಿಸಿದಳು. ಹುಬ್ಬಿನ ಮೇಲಿನ ಗಾಯದ ಗುರುತು ಹೋಯಿತು, ಮುರಿದ ಹಲ್ಲು ಹೋಯಿತು. ಒಂದೊಂದು ಹೋದಾಗಲೂ ಅಣ್ಣ "ಭೇಷ್" ಎನ್ನುತ್ತಿದ್ದ. ಸಂಜೆಯ ಹೊತ್ತಿಗೆ ಯಾವನೋ ಬೆಳ್ಳನೆಯ ಚೆಲುವ ಅಪ್ಪನ ಬಾಯಿ ತೆರೆದುಕೊಂಡು ಗುಂಡಿಯಿಂದ ಮೇಲೆ ಬರುತ್ತಿದ್ದ.

ಚಿತ್ರ ಅಂಗಡಿಗೆ ಹೋಯಿತು. ಜನರ ಬೆರಳು ನಿಂತಿತು. ಆಟ ಬಿಡುಗಡೆಯಾಗುವ ಮೊದಲೇ ಬೇಕು ಬೇಕು ಎಂದು ಒತ್ತಿದವರು ಎಷ್ಟೋ ಮಂದಿ. "ಆ ಮುಖ ನೋಡಿ ಉಸಿರು ಕಟ್ಟಿತು" ಎಂದು ಯಾರೋ ಬರೆದಿದ್ದರು. ಅಣ್ಣ ಅದನ್ನು ಎಲ್ಲರಿಗೂ ಓದಿ ಹೇಳಿದ.

ಅಪ್ಪ ಮತ್ತೆ ಮತ್ತೆ ಕೇಳಿದ್ದರಿಂದ ಮಗಳು ಕೊನೆಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಅವನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದ.

"ಉಸಿರು ನಂದು" ಎಂದ. "ಮುಖ ಯಾರದು ಮಗಳೇ?"

ಅವಳು ಪಾತ್ರೆ ತೊಳೆಯುವ ನೆಪ ಮಾಡಿ ಎದ್ದುಹೋದಳು.

ಬಿಡುಗಡೆಯ ದಿನ ಚಿತ್ರವನ್ನು ಗೋಡೆಯಷ್ಟು ದೊಡ್ಡದಾಗಿ ಮುದ್ರಿಸಿ ಆಫೀಸಿನಲ್ಲಿ ಹಾಕಿದ್ದರು. ಸುದ್ದಿ ಬರೆಯುವವರು, ಫೋಟೊದವರು ಬಂದಿದ್ದರು. ಅಪ್ಪನನ್ನೂ ಕರೆಸಬೇಕೆಂದು ಅಣ್ಣನೇ ಹೇಳಿದ್ದ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದ.

ಅಣ್ಣನ ಮುಖ ಸಪ್ಪಗಾಯಿತು. "ಮದುವೆಗೆ ಬಂದಿದೀಯೇನಯ್ಯಾ? ನಿನ್ನ ಕೆಲಸದ ಬಟ್ಟೆ ಎಲ್ಲಿ? ಹೋಗಲಿ. ಮಸಿ, ಬಣ್ಣ ತಗೊಂಡು ಬಾ. ನಿಮ್ಮಪ್ಪನ ಮುಖಕ್ಕೆ ಒಂದಿಷ್ಟು ಕಪ್ಪು ಬಳಿ. ಅಂಗಿಗೂ ಬಳಿ. ಆಮೇಲೆ ಇಲ್ಲಿ ಪಕ್ಕದಲ್ಲಿ ಬಗ್ಗಿ ನಿಂತ್ಕೊಂಡು ಹೀರೋಗೆ ಕೈ ಮುಗೀಲಿ."

ಬಂದವರಲ್ಲಿ ಒಬ್ಬಿಬ್ಬರು ನಕ್ಕರು. ಮಸಿ ಕುಂಚ ಹಿಡಿದು ನಿಂತಳು. ಕೈ ಮೇಲೇಳಲಿಲ್ಲ.

"ಹಚ್ಚು ಮಗಳೇ" ಎಂದ ಅಪ್ಪ ಮೆಲ್ಲಗೆ. "ಕೆಲಸ ಹೋಗುತ್ತೆ. ಹಚ್ಚು."

ಅವಳು ಹಚ್ಚಿದಳು. ಹಣೆಗೆ, ಕೆನ್ನೆಗೆ, ಬೆಳಿಗ್ಗೆ ಅವನು ನುಣ್ಣಗೆ ಹೆರೆದುಕೊಂಡಿದ್ದ ಗಲ್ಲಕ್ಕೆ. ಕುಂಚ ಕಣ್ಣಿನ ಹತ್ತಿರ ಬಂದಾಗ ಅವನು ಮಗುವಿನ ಹಾಗೆ ರೆಪ್ಪೆ ಮುಚ್ಚಿಕೊಂಡ.

"ಹಾಂ, ಈಗ ನೋಡು, ಲಕ್ಷಣವಾಗಿದೀಯ. ಬಗ್ಗು. ಕೈ ಮುಗಿ."

ಅಪ್ಪ ಗೋಡೆಯ ಕಡೆ ತಿರುಗಿದ. ಚಿತ್ರದ ಬೆಳ್ಳನೆಯ ಮುಖ ಅವನ ಎದುರಿಗೇ ಬಾಯಿ ತೆರೆದುಕೊಂಡಿತ್ತು. ಅದನ್ನು ನೋಡುತ್ತ ನಿಂತ. ಎದೆಯ ಆಳದಿಂದ ಕೆಮ್ಮು ಎದ್ದಿತು. ಅವನು ಅದನ್ನು ತಡೆಯಲಿಲ್ಲ. ಒಳಗಿದ್ದದ್ದನ್ನೆಲ್ಲ ಕ್ಯಾಕರಿಸಿ ಎಳೆದು, ಆ ಮುಖದ ಮೇಲೆ ಉಗಿದ.

"ಸೂಳೆಮಗನೇ!" ಎಂದು ಅಣ್ಣ ನುಗ್ಗಿ ಬಂದ. ಅಪ್ಪನ ಬಳಿದ ಮುಖ ನೋಡಿ ಒಂದು ಹೆಜ್ಜೆ ಈಚೆಗೇ ನಿಂತ. ಮುಟ್ಟಲಿಲ್ಲ. ಅಪ್ಪ ಅದೇ ಕಪ್ಪು ಮುಖದಲ್ಲಿ ಜನರ ನಡುವೆ ನಡೆದು ಮೆಟ್ಟಿಲಿಳಿದ. ಜನ ದಾರಿ ಬಿಟ್ಟರು.

ಅಣ್ಣ ಮೇಜಿನ ಬಟ್ಟೆ ಎಳೆದು ಮಸಿಯ ಮುಖಕ್ಕೆ ಎಸೆದ. "ಒರೆಸೇ, ಮುಂಡೆ! ಒರೆಸಿ ತೊಲಗು!"

ಬಟ್ಟೆ ಅವಳ ಹೆಗಲಿಗೆ ತಾಗಿ ನೆಲಕ್ಕೆ ಬಿತ್ತು. ಅವಳು ಬಗ್ಗಲಿಲ್ಲ. ಕುಂಚವನ್ನು ನೀರಿನ ಲೋಟಕ್ಕೆ ಇಳಿಸಿ ಅಪ್ಪನ ಹಿಂದೆಯೇ ಹೋದಳು.

"ಲೋ ಕನ್ನಡಕ, ನೀನು ಒರೆಸೋ."

ಹುಡುಗ ಬಟ್ಟೆಯನ್ನು ನೋಡಿದ, ಗೋಡೆಯನ್ನು ನೋಡಿದ. ಅವನ ಕೈ ಮೂಗಿಗೆ ಹೋಯಿತು. ಫೋಟೊದವರು ಬಾಗಿಲ ಕಡೆ ಜರುಗಿದರು. ಅಣ್ಣ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕಿರುಚಾಡಿದ. ಯಾರೂ ಮುಂದೆ ಬರಲಿಲ್ಲ, ಅವನೂ ಹೋಗಲಿಲ್ಲ. ಉಗುಳು ಬೆಳ್ಳನೆಯ ಕೆನ್ನೆಯ ಮೇಲೆ ನಿಧಾನವಾಗಿ ಜಾರಿ, ತೆರೆದ ಬಾಯಿಯೊಳಗೆ ಇಳಿಯುತ್ತಿತ್ತು.